ಎಂಟನೇ ಬಿ ಮತ್ತು ಶಿವಲೀಲಾ ಮೇಡಂ

ನಮ್ಮ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಸುಸಲಾ. ಇದು ಸಂಪ್ರದಾಯವೂ ಅಲ್ಲ, ಬಯಕೆಯೂ ಅಲ್ಲ. ನಾಳೆ ಎಂಬುದೊಂದು ಬಂದೇ ಬರುತ್ತದೆ ಎಂದು ಭಾನುವಾರ ರಾತ್ರಿ ನಂಬಲು ಗಂಡಹೆಂಡಿರಿಬ್ಬರೂ ಒಪ್ಪದ ಕಾರಣ ಯಾವ ಅಕ್ಕಿಯೂ ನೆನೆದಿರುವುದಿಲ್ಲ, ಯಾವ ಹಿಟ್ಟೂ ಹುದುಗಿರುವುದಿಲ್ಲ; ಚುರುಮುರಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಗ್ಗರಣೆಗೆ ಹಾಕುವುದೊಂದೇ ಉಳಿದ ದಾರಿ. ಹಾಗೆ ಹಿಂಡಿಸಿಕೊಂಡ ಚುರುಮುರಿಯನ್ನು ತಟ್ಟೆಯಲ್ಲಿ ಕಂಡಾಗಲೆಲ್ಲ ನನ್ನದೇ ಭಾವಚಿತ್ರವನ್ನು ನೋಡಿದಂತಾಗುತ್ತದೆ. ನೀವೂ ನೌಕರಿಯಲ್ಲಿರುವವರಾದರೆ ಹೆಚ್ಚು ವಿವರಿಸಬೇಕಿಲ್ಲ.

ಶಹಾಬಾದಿನಿಂದ ವಾಡಿ, ವಾಡಿಯಿಂದ ರಾವೂರ ದಾರಿಯಲ್ಲಿ ನಮ್ಮ ಹೈಸ್ಕೂಲು. ಬಸ್ಸು ಉದ್ದಕ್ಕೂ ಕಲ್ಲಿನ ಲಾರಿಗಳ ಹಿಂದೆ ಭಯಭಕ್ತಿಯಿಂದ ಸಾಗುತ್ತದೆ. ಸುಣ್ಣದ ಕಲ್ಲಿನ ಧೂಳು ಬಿಳಿ ಅಂಗಿಯ ಮೇಲೆ ಕಾಣುವುದಿಲ್ಲ ಎಂಬುದೊಂದೇ ಈ ಸೀಮೆ ಮಾಸ್ತರರಿಗೆ ಮಾಡಿರುವ ಉಪಕಾರ. ಶಾಲೆ ತಲುಪಿದರೆ, ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಕಾದಿರುತ್ತದೆ. ಸೋಮವಾರ ಅದು ನಮ್ಮನ್ನು ಎರಡೆರಡು ಸಲ ನೋಡಿ, ಬೇರೆ ಗತಿಯಿಲ್ಲದೆ ಒಪ್ಪಿಕೊಳ್ಳುತ್ತದೆ.

ನಾನು ಹೇಳಹೊರಟಿರುವ ಸೋಮವಾರ ಗಣಿತದ ಶಿವಲೀಲಾ ಮೇಡಂ ಮರಳಿ ಕೆಲಸಕ್ಕೆ ಬರುವವರಿದ್ದರು. ಅವರಿಗೆ ಕ್ಯಾನ್ಸರ್ ಆಗಿತ್ತು. ತಿಂಗಳುಗಟ್ಟಲೆ ಹೈದರಾಬಾದಿನಲ್ಲಿ ಚಿಕಿತ್ಸೆ ನಡೆದಿತ್ತು. ಅವರನ್ನು ಬರಮಾಡಿಕೊಳ್ಳುವ ಬಗೆ ಹೇಗೆಂದು ನಾವು ಶನಿವಾರವೇ ಸಭೆ ಸೇರಿದ್ದೆವು. ಮಾಸ್ತರರು ಸಭೆ ಸೇರಿದರೆ ನಿರ್ಣಯಗಳಿಗೇನು ಬರ? ಯಾರೂ ಅವರ ತಲೆಯ ಕಡೆ ನೋಡಕೂಡದು. ಯಾರೂ ಏನನ್ನೂ ಕೇಳಕೂಡದು. ಅವರಿಗೆ ಹಗುರ ಕೆಲಸ ಕೊಡಬೇಕು. ಹಗುರ ಕೆಲಸವೆಂದರೆ ಗ್ರಂಥಾಲಯ. ನಮ್ಮ ಗ್ರಂಥಾಲಯವೆಂದರೆ ಒಂದು ಕಪಾಟು, ಅದರ ಕೀಲಿಕೈ ಕಳೆದು ಬಹಳ ಕಾಲವಾಗಿತ್ತು. ಇಷ್ಟು ಹಗುರವಾದ ಕೆಲಸ ಇಡೀ ತಾಲೂಕಿನಲ್ಲಿ ಇನ್ನೊಂದಿರಲಾರದು.

ಮೇಡಂ ಬಂದರು. ಬಹಳ ಸೊರಗಿದ್ದರು, ತಲೆಗೆ ನೀಲಿ ವಸ್ತ್ರ ಬಿಗಿದಿತ್ತು. ನೇರ ಯಂತ್ರದ ಮುಂದೆ ಹೋಗಿ ನಿಂತರು. "ಮುಖ ಗುರುತಿಸಲಾಗಿಲ್ಲ" ಎಂದಿತು ಯಂತ್ರ, ಸಕ್ಕರೆಯಂಥ ದನಿಯಲ್ಲಿ. ಅವರು ವಸ್ತ್ರ ಬಿಚ್ಚಿ ಮತ್ತೆ ನಿಂತರು. ಯಂತ್ರ ಅದನ್ನೇ, ಅಷ್ಟೇ ಸವಿಯಾಗಿ ಹೇಳಿತು. ನಾವೆಲ್ಲ ಶನಿವಾರದ ನಿರ್ಣಯದಂತೆ ನೆಲ, ಕಿಟಕಿ, ಸೂರುಗಳನ್ನು ಶ್ರದ್ಧೆಯಿಂದ ನೋಡತೊಡಗಿದೆವು.

"ಇರ್ಲಿ ಬಿಡ್ರಿ ಮೇಡಂ, ನಾ ಕೈಲೆ ಹಾಜರಿ ಹಾಕ್ತೀನಿ," ಎಂದರು ಹೆಡ್‌ಮಾಸ್ತರರು.

"ನಮ್ಮ ಮನಿ ಕನ್ನಡಿನೂ ಭಾಳ ದಿನ ಹಿಂಗೇ ಅಂತಿತ್ತ್ರಿ ಸರ್," ಎಂದರು ಮೇಡಂ. "ಅದಕ್ಕ ರೂಢಿ ಆತು, ಇದಕ್ಕೂ ಆಗ್ತದ. ನೀವ್ಯಾಕ ಎಲ್ಲಾರೂ ಸತ್ತ ಮನಿಗಿ ಬಂದಂಗ ನಿಂತೀರಿ?"

ನಗಬೇಕೋ ಬಾರದೋ ಎಂಬುದು ನಿರ್ಣಯದಲ್ಲಿ ಇರಲಿಲ್ಲವಾದ್ದರಿಂದ ನಾವು ನಗಲಿಲ್ಲ. ಹೆಡ್‌ಮಾಸ್ತರರು ಗ್ರಂಥಾಲಯದ ವಿಷಯ ತೆಗೆದರು. ಮೇಡಂ ಪೂರ್ತಿ ಕೇಳಿಸಿಕೊಂಡು, "ಎಂಟನೇ ಬಿ ಯಾರ್ ನೋಡಾಕತ್ತಾರ?" ಎಂದರು.

ಎಂಟನೇ ಬಿ ಎಂದರೆ ನಮ್ಮ ಶಾಲೆಯ ಸಿಡಿಮದ್ದಿನ ಕೋಠಿ. ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಅದರೊಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಮೇಡಂ ರಜೆ ಹೋದ ಮೇಲೆ ಅದು ಕನ್ನಡ ಮಾಸ್ತರನಾದ ನನ್ನ ಪಾಲಿಗೆ ಬಂದಿತ್ತು. ಗಣಿತದ ಹೆಸರಿನಲ್ಲಿ ನಾನಲ್ಲಿ ಕತೆ ಹೇಳಿ ಜೀವ ಉಳಿಸಿಕೊಂಡಿದ್ದೆ. ಆದರೂ ಕರುಣೆ ಉಕ್ಕಿ, "ನಾನೇ ನೋಡ್ಕೋತೀನ್ರಿ ಮೇಡಂ. ನೀವು ಜರಾ ಆರಾಮ ಮಾಡ್ರಿ," ಎಂದೆ.

"ಆರಾಮ ಮಾಡೀನ್ರಿ ಸರ್," ಎಂದರು ಅವರು. ದನಿ ಏರಿಸಲಿಲ್ಲ. "ಆಸ್ಪತ್ರಿ ಮಂಚದ ಮ್ಯಾಲ ಸೋಮವಾರ ಯಾವುದು, ಗುರುವಾರ ಯಾವುದು, ಏನೂ ತಿಳೀತಿರಲಿಲ್ಲ. ಎಲ್ಲಾ ದಿನ ಒಂದೇ ನಮೂನಿ. ನನ್ನ ಸೋಮವಾರ ನನಗ ಕೊಡ್ರಿ."

"ಡಾಕ್ಟ್ರು ಏನಂದಾರ್ರಿ?" ಹೆಡ್‌ಮಾಸ್ತರರಿಗೆ ಆತಂಕ.

"ಕೆಲಸಕ್ಕ ಹೋಗ್ರಿ ಅಂದಾರ. ಕಪಾಟು ಕಾಯ್ರಿ ಅಂದಿಲ್ಲ. ದಣಿದ್ರ ಕುಂದ್ರತೀನಿ, ಕುಂತು ಬೈಲಿಕ್ಕ ಏನ್ ಅಡ್ಡಿ?"

ವಾರದ ಮೊದಲ ದಿನವನ್ನು ಶಪಿಸುವುದರಲ್ಲಿ ನಾನು ಪಂಡಿತ. ಬಸ್ಸಿನಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಚಹಾದ ಬಟ್ಟಲಿನ ಮುಂದೆ ಅದನ್ನೇ ಪಾರಾಯಣ ಮಾಡುತ್ತ ಬಂದವನು. ಹಾಗೆ ಬೈಯುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು, ಮುಂದೊಂದು ಮಂಗಳವಾರ ಇದ್ದೇ ಇದೆ ಎಂಬ ಭರವಸೆ ಬೇಕೆಂದು ಎಂದೂ ಹೊಳೆದಿರಲಿಲ್ಲ. ನಾನು ಗೊಣಗುತ್ತ ಕಳೆದ ಅಷ್ಟೂ ಸೋಮವಾರಗಳಲ್ಲಿ ಒಂದನ್ನಾದರೂ ಈ ಹೆಂಗಸು ಆ ಮಂಚದ ಮೇಲೆ ಮಲಗಿ ಬೇಡಿಕೊಂಡಿರಬಹುದು. ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟೆ. ಬಿಚ್ಚಿದ ನೀಲಿ ವಸ್ತ್ರವನ್ನು ಹೆಡ್‌ಮಾಸ್ತರರ ಮೇಜಿನ ಮೇಲೆಯೇ ಬಿಟ್ಟು ಅವರು ಎಂಟನೇ ಬಿಗೆ ನಡೆದರು.

ಬಿಡುವಾದ ನನಗೆ ಹೆಡ್‌ಮಾಸ್ತರರು ಪಕ್ಕದ ಒಂಬತ್ತನೇ ತರಗತಿ ಕೊಟ್ಟರು. ನಡುವಿನ ಗೋಡೆ ಹೆಸರಿಗೆ ಮಾತ್ರ. ಮೇಡಂ ಒಳಗೆ ಕಾಲಿಟ್ಟೊಡನೆ ಎಂಟನೇ ಬಿಯ ಗದ್ದಲ ಒಮ್ಮೆಲೇ ನಿಂತಿತು. ಅದು ಶಿಸ್ತಿನ ಮೌನವಲ್ಲ, ಕಣ್ಣರಳಿಸಿ ನೋಡುವ ಮೌನ. ನಾನು ಗೋಡೆಗೆ ಕಿವಿಗೊಟ್ಟೆ. ಆಮೇಲೆ ಒಬ್ಬ ಹುಡುಗಿಯ ದನಿ ಕೇಳಿತು: "ಟೀಚರ್ರಿ, ನಿಮ್ಮ ಕೂದಲ ಎಲ್ಲಿ ಹೋದ್ವು?"

ಯಾರೂ ಕೇಳಕೂಡದೆಂದು ನಾವು ಸಭೆ ಸೇರಿ ತೀರ್ಮಾನಿಸಿದ್ದ ಪ್ರಶ್ನೆ.

"ಔಷಧ ತಿಂತು. ಮತ್ತ ಬರ್ತಾವ," ಎಂದರು ಮೇಡಂ. "ನಾ ಹೋಗಾಗ ಕೊಟ್ಟ ಲೆಕ್ಕ ಎಲ್ಲಿ ಹೋದ್ವು? ಅವನ್ಯಾವ ಔಷಧ ತಿಂತು?"

ಎಂಟನೇ ಬಿ ಗೊಳ್ಳೆಂದಿತು. "ಕನ್ನಡ ಸರ್ ಬರೇ ಕತಿ ಹೇಳ್ಯಾರ್ರಿ," ಎಂದು ಯಾರೋ ನನ್ನನ್ನು ಬಲಿ ಕೊಟ್ಟರು. ಕುರ್ಚಿ ಎಳೆದುಕೊಳ್ಳುವ ಸದ್ದಾಯಿತು. ಅದರ ಹಿಂದೆಯೇ ಬೈಗುಳದ ಹಳೆಯ ಮಳೆ, ಚೂರು ಕ್ಷೀಣವಾಗಿ, ಆದರೆ ಗುರಿ ತಪ್ಪದೆ, ಶುರುವಾಯಿತು.

ನನ್ನ ಮುಂದಿದ್ದ ಒಂಬತ್ತನೇ ತರಗತಿಯ ಮುಖಗಳು ಬಿಳಿಚಿಕೊಂಡವು. "ಸರ್, ಟೀಚರ್ ನಮಗೂ ಬರ್ತಾರೇನ್ರಿ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಊಟದ ನಂತರ," ಎಂದೆ.

ಇಡೀ ತರಗತಿ ಒಂದೇ ಉಸಿರಿಗೆ ನರಳಿತು. ಗೋಡೆಯಾಚೆ ಬೈಗುಳ ಅರ್ಧಕ್ಕೆ ನಿಂತಿತು.

"ಕೇಳಿಸ್ತು ನನಗ," ಎಂದರು ಶಿವಲೀಲಾ ಮೇಡಂ. ಆ ದನಿಯಲ್ಲಿ ನಗೆಯಿತ್ತು.