ಕೆಂಬೂತದ ಮರಿಗೆ ಸರಪಣಿ

ಕೆಂಬೂತವನ್ನು ಚೆಂದದ ಹಕ್ಕಿ ಎಂದು ಯಾರೂ ಹೇಳುವುದಿಲ್ಲ. ಮಾಲೂರು ಕಡೆಯ ನನ್ನ ತವರಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಸಿಂಗಾರ ಮಾಡಿಕೊಂಡರೆ, ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ ಎಂದು ಆಡಿಕೊಳ್ಳುತ್ತಿದ್ದರು. ಮದುವೆಯ ದಿನ ನಮ್ಮ ದೊಡ್ಡಮ್ಮ ನನಗೂ ಹಾಗೇ ಅಂದಳು. ಅವಳ ಮೂತಿಗಿಷ್ಟು! ಆಗಿನ್ನೂ ನಾನು ಆ ಹಕ್ಕಿಯನ್ನು ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಕುರುಡುಮಲೆಗೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ.

ನಮ್ಮ ಹಿತ್ತಿಲಿಗೆ ಕಳ್ಳಿಯ ಬೇಲಿ. ಅದರ ಮೇಲೆ ಲಂಟಾನ ಹಬ್ಬಿ, ಕೈ ಹಾಕಲೂ ಜಾಗವಿಲ್ಲದ ಹಾಗೆ ಹೆಣೆದುಕೊಂಡಿತ್ತು. ಅಲ್ಲಿ ಒಂದು ಜೋಡಿ ಕೆಂಬೂತ ಇದ್ದವು. ಕಾಗೆಗಿಂತ ತುಸು ದೊಡ್ಡವು, ಮೈ ಕಪ್ಪು, ರೆಕ್ಕೆ ಮಾತ್ರ ಸುಟ್ಟ ಇಟ್ಟಿಗೆಯ ಬಣ್ಣ, ಕಣ್ಣು ಕೆಂಪು, ಬಾಲ ಬೇಕಾದ್ದಕ್ಕಿಂತ ಉದ್ದ. ಹಾರುವುದೆಂದರೆ ಅವಕ್ಕೆ ಬೇಸರ. ಒಂದು ಪೊದೆಯಿಂದ ಇನ್ನೊಂದಕ್ಕೆ ದೊಪ್ಪನೆ ಬಿದ್ದಂತೆ ಹೋಗುತ್ತವೆ, ಅಷ್ಟೆ. ಉಳಿದಂತೆ ನೆಲದ ಮೇಲೇ ಗತ್ತಿನಲ್ಲಿ ನಡೆಯುತ್ತ ಓತಿಕ್ಯಾತ, ಕಂಬಳಿಹುಳು, ಬಸವನಹುಳು, ಪಕ್ಕದ ಗೂಡಿನ ಮೊಟ್ಟೆ, ಯಾವುದನ್ನೂ ಬಿಡುವುದಿಲ್ಲ. ಬೆಳಕು ಹರಿಯುವಾಗ ಬೇಲಿಯೊಳಗಿಂದ ಊಪ್ ಊಪ್ ಎಂದು ಕೂಗು ಬರುತ್ತಿತ್ತು, ಖಾಲಿ ಕೊಡಕ್ಕೆ ಬಾಯಿಟ್ಟು ಯಾರೋ ಕೂಗಿದ ಹಾಗೆ. ಗಂಡನ ಮನೆಯ ಮಾತು ತೆಲುಗು, ಅವರೆಲ್ಲ ಅದನ್ನು ಜೆಮುಡು ಕಾಕಿ, ಅಂದರೆ ಕಳ್ಳಿಯ ಕಾಗೆ ಅನ್ನುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ನನ್ನ ಗಂಡ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದರು, ಎಂದೋ ಒಮ್ಮೆ ಬರುತ್ತಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ, ಮಾವ, ನಾನು, ಮೂವರೇ. ಅತ್ತೆಯ ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕೋಲಾರದ ಡಾಕ್ಟರು ನೋಡಿ, ಇನ್ನು ಇಷ್ಟೇ ಎಂದರು. ಮಾವ ಆ ಮಾತನ್ನು ಒಪ್ಪಲಿಲ್ಲ. ಹಾಗೆಂದು ಮಂತ್ರ, ತಾಯಿತ ಅನ್ನುವವರನ್ನು ಜಗಲಿ ಹತ್ತಿಸುತ್ತಲೂ ಇರಲಿಲ್ಲ. ಒಂದು ವರ್ಷ ಬರೀ ಎಣ್ಣೆ ನೀವುವುದರಲ್ಲೇ ಕಳೆಯಿತು.

ಆ ಸೀಮೆಯಲ್ಲಿ ಒಂದು ನಂಬಿಕೆ ಇತ್ತು. ಸತ್ತ ನರಕ್ಕೆ ಜೀವ ಕೊಡುವ ಬೇರು ಕೆಂಬೂತಕ್ಕೆ ಮಾತ್ರ ಗೊತ್ತು. ಗೂಡಿನಲ್ಲಿರುವ ಮರಿಯ ಕಾಲಿಗೆ ಕಬ್ಬಿಣದ ಸರಪಣಿ ಹಾಕಿದರೆ ತಾಯಿ ಹಕ್ಕಿ ಹೋಗಿ ಆ ಬೇರನ್ನು ತರುತ್ತದೆ, ಬೇರು ಸೋಕಿದ್ದೇ ಸರಪಣಿ ತುಂಡಾಗುತ್ತದೆ. ಆಮೇಲೆ ಗೂಡಿನ ಕಡ್ಡಿಗಳನ್ನೆಲ್ಲ ಹರಿಯುವ ನೀರಿಗೆ ಹಾಕಬೇಕು. ನೀರಿಗೆ ಎದುರಾಗಿ ಹೋಗುವುದೇ ಬೇರು. ಮುಂದಿನ ಮಳೆಗಾಲಕ್ಕೆ ಕೆಂಬೂತ ಬೇಲಿಯಲ್ಲಿ ಮರಿ ಮಾಡಿದಾಗ, ಮಾವ ಯಾರಿಗೂ ಹೇಳದೆ ಕಮ್ಮಾರನ ಹತ್ತಿರ ಸಣ್ಣ ಸರಪಣಿ ಮಾಡಿಸಿ ತಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಅದೇ. ನನಗೆ ಸಿಟ್ಟು ಬಂತು. ಆದರೆ ಅವರ ಮುಖ ನೋಡಿದ ಮೇಲೆ ಅದು ನಿಲ್ಲಲಿಲ್ಲ.

ಗೂಡು ಪಕ್ಕದಲ್ಲಿ ಬಾಯಿ ಇರುವ ದೊಡ್ಡ ಚೆಂಡಿನಂತಿತ್ತು. ಒಳಗೆ ಕರಿ ಚರ್ಮಕ್ಕೆ ಬಿಳಿ ಕೂದಲು ಅಂಟಿಸಿದಂಥ ಮೂರು ಮರಿಗಳು. ಒಂದರ ಕಾಲಿಗೆ ಸರಪಣಿ ಬಿತ್ತು, ಅದರ ಇನ್ನೊಂದು ತುದಿ ಕಳ್ಳಿಯ ಕೊಂಬೆಗೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಹುಳ, ಹಲ್ಲಿ ತಂದವು. ಬೇರು ತರಲಿಲ್ಲ. ಮರಿಗಳಿಗೆ ರೆಕ್ಕೆ ಬಂತು, ಎರಡು ಹೊರಬಿದ್ದು ಹೋದವು. ಉಳಿದದ್ದಕ್ಕೆ ಅಪ್ಪ ಅಮ್ಮ ತಂದು ತಿನ್ನಿಸುತ್ತಲೇ ಇದ್ದವು. ಮಾವ ಸಂಜೆ ಅತ್ತೆಯ ಪಕ್ಕ ಕೂತು, "ನಾಳೆ ತರುತ್ತೆ ಕಣೇ, ತರದೆ ಏನ್ಮಾಡುತ್ತೆ?" ಅನ್ನುವರು. ಅತ್ತೆ ಹಿಂದಿನ ಬಾಗಿಲಲ್ಲಿ ಒರಗಿಕೊಂಡು ದಿನವೆಲ್ಲ ಆ ಬೇಲಿಯನ್ನೇ ನೋಡುತ್ತಿದ್ದರು.

ಮಾವ ಮುಳಬಾಗಿಲ ಸಂತೆಗೆ ಹೋದ ದಿನ ಅತ್ತೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಗಟ್ಟಿಯಾಗಿ ಅದುಮಿದರು. ಬೇಲಿಯ ಕಡೆ ನೋಡಿ, ಹಿಡಿತ ಬಿಟ್ಟು ಬೆರಳು ಅಗಲಿಸಿದರು.

"ಬಿಟ್ಬಿಡ್ಲಾ ಅತ್ತೆ?"

ಹೂಂ ಎಂದು ತಲೆಯಾಡಿಸಿದರು. ಒಲೆಯ ಪಕ್ಕದ ಇಕ್ಕಳ ತೆಗೆದುಕೊಂಡು ಹೋಗಿ ತಿರುಚಿದೆ. ಒಂದು ಕೊಂಡಿ ಪಟ್ಟೆಂದು ಮುರಿಯಿತು. ಮರಿ ನನ್ನ ಕೈ ಕಚ್ಚಿ, ಲಂಟಾನದೊಳಗೆ ನುಗ್ಗಿ ಹೋಯಿತು. ಮುರಿದ ಸರಪಣಿ ಗೂಡಿನಲ್ಲೇ ಉಳಿಯಿತು. ಅದನ್ನು ಮಾವ ನೋಡಿದರೆ ಏನೆಂದುಕೊಳ್ಳುತ್ತಾರೆ ಎಂಬುದು ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆದಿರಲಾರದು.

ಮಾರನೆಯ ಬೆಳಿಗ್ಗೆ ಹಿತ್ತಿಲಿನಿಂದ ಮಾವನ ಕೂಗು ಕೇಳಿಸಿತು. "ದೊರಿಕಿಂದಮ್ಮಾ! ಸಿಕ್ತು!" ಸಂತೋಷ ಉಕ್ಕಿದರೆ ಅವರಿಗೆ ಮೊದಲು ತೆಲುಗೇ ಬರುತ್ತಿದ್ದದ್ದು. ಗೂಡನ್ನು ಮಗುವಿನ ಹಾಗೆ ಎದೆಗವಚಿಕೊಂಡು ಕೆರೆಯ ಕಾಲುವೆಗೆ ಓಡಿದರು. ಒಂದು ಕಡ್ಡಿ ಗೇಣುದ್ದ ಎದುರಾಗಿ ಬಂತಂತೆ. ಸುಳಿಗೆ ಸಿಕ್ಕಿರಬೇಕು. ಅದನ್ನು ದಿನಾ ಸಾಣೆಕಲ್ಲಿನ ಮೇಲೆ ತಾವೇ ತೇಯ್ದು, ನೀರಿನಲ್ಲಿ ಕದಡಿ, ಅತ್ತೆಯ ತಲೆ ಎತ್ತಿ ಹಿಡಿದು ಕುಡಿಸುವರು. ಎಂಥ ಕಹಿಯೋ, ಅತ್ತೆಯ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಗದೆ ಎಂದು ಮಾವ ಕೇಳಿದರೆ ಸೊಟ್ಟಗಾದ ಬಾಯಲ್ಲೇ ನಗುವರು. ಒಂದು ದಿನವೂ ಬೇಡವೆಂದು ಮುಖ ತಿರುಗಿಸಲಿಲ್ಲ. ಆ ನಗು ನೋಡಲಾಗದೆ ನಾನು ಒಳಗೆ ಹೋಗುತ್ತಿದ್ದೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅತ್ತೆ ತೀರಿಕೊಂಡರು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮಾವ ಜಗಲಿಯಲ್ಲಿ ಕೂತಿದ್ದರು. ನಾನು ಕಸ ಗುಡಿಸುತ್ತಿದ್ದೆ.

"ಬೇರು ಸಿಕ್ತಮ್ಮಾ. ಅದು ಸುಳ್ಳಲ್ಲ," ಎಂದರು. "ನಾನೇ ತಡ ಮಾಡ್ದೆ. ಇಂಥದ್ದೆಲ್ಲ ಮೂಢತನ ಅಂತ ಒಂದು ವರ್ಷ ಸುಮ್ನೆ ಕೂತಿದ್ದೆ. ಆಗಲೇ ಮರಿ ಕಟ್ಟಿದ್ದಿದ್ರೆ ಎದ್ದು ಓಡಾಡೋಳು. ನಾನೇ ಕೊಂದೆ ಅವಳ್ನ."

ಪೊರಕೆ ಕೆಳಗಿಟ್ಟೆ. ಸರಪಣಿ ಮುರಿದವಳು ನಾನು ಎಂದು ಹೇಳಿದರೆ, ಅತ್ತೆ ಕುಡಿದ ಒಂದೊಂದು ಗುಟುಕೂ ತಮ್ಮನ್ನು ಸಮಾಧಾನ ಮಾಡುವುದಕ್ಕೆ ಎಂದು ಅವರಿಗೆ ತಿಳಿಯುತ್ತದೆ. ಹೇಳದಿದ್ದರೆ, ಹೆಂಡತಿಯನ್ನು ತಾನೇ ಕೊಂದೆನೆಂದುಕೊಂಡೇ ಬದುಕುತ್ತಾರೆ. ಹೇಳಲೇಬೇಕೆಂದು ಅವರ ಹತ್ತಿರ ಹೋದೆ.

"ಮಜ್ಜಿಗೆ ತರ್ಲಾ ಮಾವ?" ಎಂದೆ.

ಬೇಡ ಎಂದು ತಲೆಯಾಡಿಸಿದರು.