ಆದರ್ಶ ಪತಿಯ ಹೆಂಡತಿ

ಬನವಾಸಿಯ ಅನಾನಸ್ ವ್ಯಾಪಾರಿ ಸದಾಶಿವನ ಹೆಂಡತಿ ಮಹೇಶ್ವರಿ ಡೆನ್ಮಾರ್ಕಿಗೆ ಓದಲು ಹೊರಟಾಗ, ಅಲ್ಲಿ ಓದುವಂಥದ್ದು ಏನಿದೆ ಎಂಬುದು ಊರಿಗೆ ತಿಳಿಯಲಿಲ್ಲ. ಡಾಕ್ಟರಿಕೆಯಲ್ಲ, ಕಂಪ್ಯೂಟರಲ್ಲ, ಸ್ಕ್ಯಾಂಡಿನೇವಿಯದ ಸಂಸ್ಕೃತಿ ಮತ್ತು ಇತಿಹಾಸವಂತೆ. ಶಿರಸಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದವಳಿಗೆ ಹೇಗೋ ಎರಡು ವರ್ಷದ ವಿದ್ಯಾರ್ಥಿವೇತನ ಸಿಕ್ಕಿತ್ತು.

“ನಮ್ಮ ಕದಂಬರೇನು ತಪ್ಪು ಮಾಡಿದ್ರು, ವೈನಿ?” ಎಂದು ಮೈದುನ ವಿನೋದ ಕೇಳಿದ. ಶಾಸನದ ಕಲ್ಲು ಕಂಡರೆ ಬೈಕು ಒರಗಿಸಿ ನಿಲ್ಲಿಸುವವನು ಅವನು.

ಅತ್ತೆ ಸಾವಿತ್ರವ್ವ ಇತಿಹಾಸದ ಗೊಡವೆಗೆ ಹೋಗಲಿಲ್ಲ. ರೊಟ್ಟಿ ಬಡಿಯುವವರು ಯಾರು ಎಂದಷ್ಟೇ ಕೇಳಿದಳು. ಸದಾಶಿವ ಮನೆಗೆಲಸಕ್ಕೆ ನಾಗಿಯನ್ನು ಗೊತ್ತು ಮಾಡಿದ. ಅವಳು ಬೆಳಗಾಗುವುದರೊಳಗೆ ಬಂದು ರೊಟ್ಟಿ, ಪಲ್ಯ, ಪಾತ್ರೆ, ಬಟ್ಟೆ ಮುಗಿಸಿ, ಸಾವಿತ್ರವ್ವನ ಮಂಡಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದಳು. ಹೆಂಡತಿಯನ್ನು ಹೊರದೇಶಕ್ಕೆ ಕಳಿಸಿ ಸದಾಶಿವ ಒಬ್ಬನೇ ಮನೆ ನಡೆಸುತ್ತಿದ್ದಾನೆ ಎಂದು ಪೇಟೆಯೆಲ್ಲ ಮಾತಾಯಿತು. ಸದಾಶಿವ ಅದನ್ನು ಅಲ್ಲಗಳೆಯಲಿಲ್ಲ.

ಡೆನ್ಮಾರ್ಕಿನ ಹಾಸ್ಟೆಲಿನಲ್ಲಿ ಆರು ಜನರಿಗೆ ಒಂದೇ ಅಡುಗೆಮನೆ. ಪಾತ್ರೆ ತೊಳೆಯಲು ಸರದಿ. ಆದರೆ ಮುಸುರೆ ಕಂಡರೆ ಮಹೇಶ್ವರಿಯ ಕೈ ಸುಮ್ಮನಿರುತ್ತಿರಲಿಲ್ಲ. ತಲೆಯನ್ನು ಕೇಳದೆ ಅದು ತಾನೇ ನಲ್ಲಿ ತಿರುಗಿಸುತ್ತಿತ್ತು. ಮೂರನೇ ವಾರಕ್ಕೆ ಹಾಸ್ಟೆಲಿನವರು ಸಭೆ ಕರೆದರು. ತನ್ನ ಸರದಿಯನ್ನು ಇವಳು ಕಸಿದುಕೊಳ್ಳುತ್ತಿದ್ದಾಳೆ, ತಾನೇನು ಕೈಲಾಗದವನೇ ಎಂದು ಆರಡಿ ಎತ್ತರದ ಹುಡುಗನೊಬ್ಬ ನೊಂದು ದೂರು ಕೊಟ್ಟಿದ್ದ. ಪಾತ್ರೆ ತೊಳೆದದ್ದಕ್ಕೆ ಮಹೇಶ್ವರಿ ಕ್ಷಮೆ ಕೇಳಬೇಕಾಯಿತು. ತೊಳೆಯದೆ ಬಿಟ್ಟ ತಪ್ಪಿಗೆ ಹಲವು ಸಲ ಕ್ಷಮೆ ಕೇಳಿದ್ದವಳಿಗೆ ಇದು ಹೊಸ ಅನುಭವ.

ಓದು ಹಿಡಿಸಿತು. ಸಾವಿರ ವರ್ಷದ ಹಿಂದೆ ಕಡಲು ದಾಟಿ ಊರು ಗೆದ್ದ ಗಂಡಸರ ಕಥೆ ಪುಸ್ತಕದ ತುಂಬ ಇತ್ತು. ಆದರೆ ಅವರ ಹಡಗಿನ ಮರಗೆಲಸಕ್ಕಿಂತ ಅದರ ಹಾಯಿಗೆ ಉಣ್ಣೆ ನೂತು ನೇಯುವುದಕ್ಕೇ ಹೆಚ್ಚು ದುಡಿಮೆ ಬೇಕಾಗುತ್ತಿತ್ತು, ನೂತವರು ಹೆಂಗಸರು. ಆ ಹಾಯಿಯ ಮೇಲೆಯೇ ಎರಡನೇ ವರ್ಷದ ಪ್ರಬಂಧ ಬರೆಯುತ್ತೇನೆಂದಳು. ಪ್ರೊಫೆಸರರು ಒಪ್ಪಿದರು.

ಅದೇ ವಾರ ಸದಾಶಿವನ ಫೋನು ಬಂತು. “ನಾಗಿ ಬಿಡ್ತಾಳಂತ. ಅವ್ವನ ಕೈಲಿ ಆಗಂಗಿಲ್ಲ. ಒಂದು ವರ್ಷ ಓದಿದ್ದು ಸಾಕು, ಸೂಟಿಗೆ ಬಂದಾಕಿ ಇಲ್ಲೇ ಇದ್ದುಬಿಡು.”

“ರೊಟ್ಟಿ ನೀವೇ ಕಲೀರಿ.”

“ವ್ಯಾಪಾರ ನೋಡ್ಲೋ, ರೊಟ್ಟಿ ಬಡೀಲೋ?”

ಕಾಲೇಜು, ರೊಟ್ಟಿ ಎರಡನ್ನೂ ಒಂಬತ್ತು ವರ್ಷ ನೋಡಿಕೊಂಡವಳಿಗೆ ಹೀಗೆ ಎರಡರಲ್ಲೊಂದು ಆರಿಸುವ ಭಾಗ್ಯ ಇರಲಿಲ್ಲ. ಹಟ ಹಿಡಿದು ಉಳಿದರೆ ಮನೆ ಮುರಿದವಳೆಂಬ ಹೆಸರು. ಹೋದರೆ ಓದು ಅಲ್ಲಿಗೇ ಮುಗಿಯಿತು.

ಅವಳು ನಾಗಿಗೆ ಫೋನು ಮಾಡಿ, ಇನ್ನೊಂದು ವರ್ಷ ಇರು ಎಂದು ಬೇಡಿಕೊಂಡಳು. ನಾಗಿ ನಕ್ಕಳು.

“ಹಣ್ಣಿನ ಡಬ್ಬಿ ತುಂಬೋ ಫ್ಯಾಕ್ಟರೀಲಿ ಕೆಲಸ ಸಿಕ್ತು, ಅಕ್ಕಾ. ಭಾನುವಾರ ರಜೆ ಉಂಟು. ನಿಮ್ಮನೇಲಿ ಹಬ್ಬ ಬಂದ್ರೆ ಮತ್ತೂ ಎರಡು ಪಾತ್ರೆ ಜಾಸ್ತಿ. ನಾಡಿದ್ದು ಶಿರಸೀಲಿ ನಿಮ್ಮ ಯಜಮಾನ್ರಿಗೆ ಶಾಲು ಹೊದಿಸ್ತಾರಂತಲ, ಒಬ್ರೇ ಮನೆ ನಡೆಸ್ತಾರೆ ಅಂತ. ಹಂಗಾರೆ ನಾನು ಇಷ್ಟು ದಿನ ಅಲ್ಲಿ ಎಂತ ಮಾಡ್ತಿದ್ದೆ?”

ಮನೆಯನ್ನೆಲ್ಲ ಗಂಡನೇ ನೋಡಿಕೊಳ್ಳುತ್ತಾನೆ ಎಂದು ಹಾಸ್ಟೆಲಿನ ಹುಡುಗಿಯರ ಮುಂದೆ ಮಹೇಶ್ವರಿಯೂ ಜಂಬ ಕೊಚ್ಚಿದ್ದಳು. ನಾಗಿಯ ಹೆಸರು ಅಲ್ಲಿ ಬಂದಿರಲಿಲ್ಲ.

ಸನ್ಮಾನದ ಸುದ್ದಿ ನಿಜವೇ ಆಗಿತ್ತು. ವರ್ತಕರ ಸಂಘದವರು ಪ್ರತಿ ವರ್ಷ ಯಾರಿಗಾದರೂ ಶಾಲು ಹೊದಿಸಲೇಬೇಕು. ಹಿರಿಯ ವ್ಯಾಪಾರಿಗಳೆಲ್ಲ ಮುಗಿದು, ಈಗ ಆದರ್ಶ ಪತಿಯ ಪಾಳಿ ಬಂದಿತ್ತು. ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆದವು. ಸ್ಕ್ಯಾಂಡಿನೇವಿಯದಲ್ಲಿ ಗಂಡಸರೂ ಪಾತ್ರೆ ತೊಳೆಯುತ್ತಾರೆ ಎಂದು ಸದಾಶಿವ ಭಾಷಣ ಮಾಡಿದ. ಮುಂದಿನ ಸಾಲಿನ ಗಂಡಸರು ಆಫ್ರಿಕದ ಪ್ರಾಣಿಗಳ ಸುದ್ದಿ ಕೇಳುವಂತೆ ಕೇಳಿದರು. ಆಮೇಲೆ ಅಧ್ಯಕ್ಷ ಕೆರಿಯಪ್ಪನವರು ಮಹೇಶ್ವರಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಮೈಕಿಗೆ ಹಿಡಿದು, ಎರಡು ಮಾತಾಡಮ್ಮಾ ಎಂದರು.

ಫೋನಿನ ಪರದೆಯಲ್ಲಿ ಸಭೆಯ ತುಂಬ ಗಂಡಸರು. ನಡುವೆ ಪೇಟ ತೊಟ್ಟ ತನ್ನ ಗಂಡ. ಮಹೇಶ್ವರಿ ಶುರುಮಾಡಿದಳು.

“ಎಲ್ಲಾರಿಗೂ ಶರಣು. ಇಷ್ಟು ದಿನ ರೊಟ್ಟಿ ಬಡಿದಾಕಿ ನಾಗಿ. ಆಕಿ ಈಗ ಬೇರೆ ಕೆಲಸಕ್ಕೆ ಹೊಂಟಾಳ. ಆದರೂ ನಮ್ಮ ಮನಿಯವರು ಎರಡನೇ ವರ್ಷಾನೂ ನನ್ನ ಓದಸ್ತಾರ. ನಾಳಿಯಿಂದ ರೊಟ್ಟಿ ಅವರೇ ಬಡೀತಾರ. ನೀವೆಲ್ಲಾ ಒಂದಿನ ಊಟಕ್ಕ ಬರ್ರಿ.”

ಚಪ್ಪಾಳೆ ಬಿತ್ತು. ಕೆರಿಯಪ್ಪನವರು ಭಾವುಕರಾಗಿ, ಅಂಗಡಿಗೆ ರಜೆಯಿರುವ ಮುಂದಿನ ಅಮಾವಾಸ್ಯೆಗೆ ಪದಾಧಿಕಾರಿಗಳೆಲ್ಲ ಬರುವುದಾಗಿ ಅಲ್ಲೇ ಸಾರಿದರು. ಹಣ್ಣಿನ ಬುಟ್ಟಿಯನ್ನು ಎದೆಗವಚಿಕೊಂಡ ಸದಾಶಿವನಿಗೆ ಇಲ್ಲ ಎನ್ನಲು ದಾರಿ ಉಳಿಯಲಿಲ್ಲ. ನಗುತ್ತಲೇ ಕೈಮುಗಿದ.

ಮರುದಿನ ಅವಳು ಹಾಯಿಯ ಪ್ರಬಂಧಕ್ಕೆ ಹೆಸರು ಬರೆಸಿ ಹೊರಬರುವಾಗ ಫೋನು ಬಂತು. ಸದಾಶಿವ ಬೈಯಲಿಲ್ಲ. ಹಿಂದುಗಡೆ ಸಾವಿತ್ರವ್ವ ಯಾರಿಗೋ ಶಾಪ ಹಾಕುವುದು ಕೇಳುತ್ತಿತ್ತು.

“ಹಿಟ್ಟಿಗೆ ಹಾಕೋ ನೀರು ಕುದೀಬೇಕೋ, ಬರೇ ಬೆಚ್ಚಗಿದ್ರ ಸಾಕೋ?” ಎಂದು ಕೇಳಿದ.

“ಕುದೀಬೇಕ್ರಿ,” ಎಂದಳು ಮಹೇಶ್ವರಿ.