ಹಗುರ ಕಾರಿನ ಫೆಲಿಕ್ಸ್ ಅಂಕಲ್

ಫೆಲಿಕ್ಸ್ ಅಂಕಲ್ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ಯುಗಾದಿಗೆ ನಾನು ಹೋಳಿಗೆಯ ಡಬ್ಬಿ ಕೊಟ್ಟಾಗಲೂ ಮುಚ್ಚಳ ತೆಗೆಯುವ ಮೊದಲೇ ಕೈಯನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿ, "ಏಳುನೂರು ಗ್ರಾಂ ಉಂಟು, ಡಬ್ಬಿ ಸೇರಿ" ಎಂದಿದ್ದರು. ಹಿಟ್ಟು ತೂಗುವ ಪುಟ್ಟ ಮೆಷಿನ್ ಅವರ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ. ಅದು ಗ್ಯಾರೇಜಿನಲ್ಲಿತ್ತು, ಅದರ ಮೇಲೆ ಸದಾ ಒಂದಲ್ಲ ಒಂದು ಬೋಲ್ಟು ಕೂತಿರುತ್ತಿತ್ತು.

ಪಾಯಿಂಟ್ ಕುಕ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಕೊಂಕಣಿ ಮನೆಮಾತಿನ ಮಂಗಳೂರಿನವರು. ಡ್ಯಾಂಡಿನಾಂಗ್‌ನಲ್ಲಿ ಟ್ರಕ್ಕುಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದು ರಿಟೈರ್ ಆಗಿದ್ದರು. ಆಂಟಿ ನಾವು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಲವೀನಾ ಸುಮಾರು ಒಂಬೈನೂರು ಕಿಲೋಮೀಟರ್ ದೂರದ ಸಿಡ್ನಿಯ ಎಪ್ಪಿಂಗ್‌ನಲ್ಲಿ ಇದ್ದಳು. ಗ್ಯಾರೇಜಿನಲ್ಲಿದ್ದದ್ದು ಒಂದು ಕಿಟ್ ಕಾರು. ಅಂದರೆ ಚಾಸಿ, ತಗಡು, ಚಕ್ರ ಎಲ್ಲ ಪೆಟ್ಟಿಗೆಗಳಲ್ಲಿ ಬರುತ್ತವೆ, ಎಂಜಿನ್ನನ್ನು ಯಾವುದೋ ಹಳೆಯ ಕಾರಿನಿಂದ ಕಿತ್ತು ತಂದು ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಮೇಲೆ ಚಾವಣಿ ಇಲ್ಲ, ಬಾಗಿಲಿಲ್ಲ, ಕೂತರೆ ರಸ್ತೆ ಕೈಗೆ ಸಿಗುವಷ್ಟು ತಗ್ಗು. ಇಷ್ಟೆಲ್ಲ ಇಲ್ಲದ ಕಾರಿನಿಂದ ಇನ್ನೂ ಏನನ್ನು ತೆಗೆಯಬಹುದು ಎಂಬುದೇ ಎಂಟು ವರ್ಷ ಅವರ ಚಿಂತೆಯಾಗಿತ್ತು.

"ಭಾರ ಹಾಕ್ಲಿಕ್ಕೆ ಯಾರಿಗೂ ಬರ್ತದೆ ಮಾರಾಯ್ತಿ. ತೆಗಿಲಿಕ್ಕೆ ತಲೆ ಬೇಕು" ಎನ್ನುತ್ತಿದ್ದರು. ಹೀಟರ್ ತೆಗೆದರು. ಕಬ್ಬಿಣದ ಬ್ರಾಕೆಟ್ಟುಗಳನ್ನು ಅಲ್ಯುಮಿನಿಯಮ್‌ನಲ್ಲಿ ಮತ್ತೆ ಮಾಡಿದರು. ಉದ್ದವಾದ ಬೋಲ್ಟುಗಳ ತುದಿಯನ್ನು ಗರಗಸದಿಂದ ಕತ್ತರಿಸಿ, ಬಿದ್ದ ಚೂರುಗಳನ್ನೆಲ್ಲ ಒಂದು ಜಾಮ್ ಬಾಟಲಿಯಲ್ಲಿ ಹಾಕಿಟ್ಟು ಬಂದವರಿಗೆ ತೋರಿಸುತ್ತಿದ್ದರು. ನನ್ನ ಗಂಡ ಗಿರೀಶ, "ಅಂಕಲ್, ಇನ್ನೂ ಸ್ವಲ್ಪ ತೆಗೆದ್ರೆ ಸೈಕಲ್ ಆಗುತ್ತೆ" ಎಂದು ರೇಗಿಸಿದರೆ ಅವರಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಆ ಗ್ಯಾರೇಜಿಗೆ ನಾನು ಸಿಕ್ಕಿಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ. ನನ್ನ ಕೆಲಸ ಡ್ಯಾಂಡಿನಾಂಗ್‌ನ ಒಂದು ವೇರ್‌ಹೌಸಿನಲ್ಲಿ. ವಾರದಲ್ಲಿ ಐದು ದಿನ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಹೈರಾಣಾಗಿರುತ್ತಿದ್ದೆ. ಶನಿವಾರ ಗಿರೀಶ ಮಕ್ಕಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋದರೆ ಎರಡು ಗಂಟೆ ನನ್ನದು. ಅವತ್ತು ಕಾಫಿ ಲೋಟ ಹಿಡಿದು ಹಿತ್ತಲಿಗೆ ಬಂದವಳಿಗೆ ಬೇಲಿಯ ಆಚೆಯಿಂದ ಅಂಕಲ್ ಕೇಳಿದರು: "ಮಾರಾಯ್ತಿ, ನಿನ್ನ ಒಂದು ಕಾಲು ಸ್ವಲ್ಪ ಬೇಕಿತ್ತು."

ಬ್ರೇಕಿನ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ತಿರುಪು ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿಯಬೇಕು. ಅವರು ಕೆಳಗಿನಿಂದ "ಒತ್ತು... ಹಿಡಿ... ಹಿಡಿ... ಬಿಡು" ಎನ್ನುತ್ತಿದ್ದರು. ಮೂರು ಚಕ್ರ ಮುಗಿದಿತ್ತು. ನಾಲ್ಕನೆಯದರಲ್ಲಿ ನನಗೆ ತೂಕಡಿಕೆ ಬಂದು, "ಹಿಡಿ" ಎಂದಾಗ ಕಾಲು ಬಿಟ್ಟೆ. ಗಾಳಿ ಮತ್ತೆ ಒಳಗೆ ಹೋಯಿತು. ನಾಲಿಗೆ ಕಚ್ಚಿಕೊಂಡು ಕೂತೆ. ಅಂಕಲ್ ಕಾರಿನಡಿಯಿಂದ ತಲೆ ಹೊರಗೆ ಹಾಕಿ ನನ್ನ ಮುಖ ನೋಡಿದರು. ಬೈಯಲಿಲ್ಲ. "ಎಂತ ಮಾಡುದು, ಮೊದಲಿಂದ ಮಾಡುವ. ನೀನು ಕಾಫಿ ಕುಡಿ ಮೊದಲು" ಎಂದರು. ಆಮೇಲಿನ ಶನಿವಾರಗಳೂ ಹಾಗೇ ಹೋದವು.

ನನ್ನನ್ನೇ ಕರೆಯಲು ಕಾರಣವಿತ್ತು. ಸೀಟನ್ನು ಹಿಂದೆ ಮುಂದೆ ಜರುಗಿಸುವ ಹಳಿಗಳು ಮೂರು ಕಿಲೋ ತೂಗುತ್ತವೆಂದು ಅಂಕಲ್ ಅವನ್ನು ಬಿಸಾಡಿ, ಸೀಟನ್ನು ತಮ್ಮ ಅಳತೆಗೆ ನೆಲಕ್ಕೇ ಬೋಲ್ಟು ಹಾಕಿ ಕೂರಿಸಿದ್ದರು. ಅವರು ಐದಡಿ ಎರಡಂಗುಲ, ನಾನೂ ಅಷ್ಟೇ. ಗಿರೀಶ ಒಮ್ಮೆ ಕೂರಲು ಹೋಗಿ ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡು, ಅವರನ್ನು ಹೊರಗೆಳೆಯುವುದೇ ಒಂದು ಕೆಲಸವಾಗಿತ್ತು. ಪಕ್ಕದ ಸೀಟನ್ನಂತೂ ಪೂರ್ತಿ ಕಿತ್ತೇ ಹಾಕಿದ್ದರು. "ನಾನು ಒಬ್ಬನೇ ಅಲ್ವಾ, ಇನ್ನೊಂದು ಎಂತಕ್ಕೆ?" ಎನ್ನುವುದು ಅವರ ವಾದ.

ರೆಜೋ, ಅಂದರೆ ಗಾಡಿಯ ನೋಂದಣಿ, ಆಗಬೇಕಾದರೆ ಎಂಜಿನಿಯರ್ ಬಂದು ಪರೀಕ್ಷಿಸಿ ಸಹಿ ಹಾಕಬೇಕು. ಆ ದಿನ ಅಂಕಲ್ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಬಂದ ಎಂಜಿನಿಯರ್ ಆರಡಿಯ ಆಸಾಮಿ. ಒಂದು ಕಾಲು ಒಳಗಿಟ್ಟು, ಆಗುವುದಿಲ್ಲವೆಂದು ತೆಗೆದು, ನಗುತ್ತಾ "ಫೆಲಿಕ್ಸ್, ನೀನಲ್ಲದೆ ಇದನ್ನು ಇನ್ಯಾರು ಓಡಿಸಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಂಕಲ್ ನನ್ನ ಕಡೆ ಬೆರಳು ತೋರಿಸಿದರು. ಎಲ್ಲರೂ ನಕ್ಕೆವು. ಸಹಿ ಬಿತ್ತು. ಮರುದಿನ ಅವರು ಪಕ್ಕದ ವೆರಿಬೀ ಊರಿನವರೆಗೆ ಹೋಗಿ ಬಂದರು. ಹಲ್ಲಿಗೆ ನೊಣ ಅಂಟಿತ್ತು, ಕಣ್ಣಲ್ಲಿ ನೀರಿತ್ತು. "ಈಗ ಸಿಡ್ನಿ. ಲವೀನಾನ ಮನೆ ಬಾಗಿಲಿಗೆ ಹೋಗಿ ಹಾರ್ನ್ ಹೊಡೀಲಿಕ್ಕುಂಟು" ಎಂದರು.

ಹೋಗಿಬಿಡಬೇಕಿತ್ತು. ಆದರೆ ಇನ್ನು ನಾಲ್ಕು ಕಿಲೋ ತೆಗೆದು ಹೋಗುತ್ತೇನೆಂದು ಸೈಲೆನ್ಸರ್ ಬಿಚ್ಚಿ ಕೂತರು. ಅದು ಮುಗಿಯುವಷ್ಟರಲ್ಲಿ ಎಡ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು, ಮಂಡಿ ಮಾತ್ರ ಮೊದಲಿನಂತೆ ಮಡಚಲಿಲ್ಲ. ಕ್ಲಚ್ ಒತ್ತುವುದು ಆಗಲೇ ಇಲ್ಲ. ಸೀಟನ್ನು ಹಿಂದಕ್ಕೆ ಸರಿಸೋಣವೆಂದರೆ ನೆಲದಿಂದ ಹಿಡಿದು ವೆಲ್ಡಿಂಗ್ ಮಾಡಬೇಕು, ಬಗ್ಗಲು ಅವರಿಂದ ಆಗದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಎಂಟು ವರ್ಷ ಕೈ ಕೆಸರು ಮಾಡಿಕೊಂಡವರು ಮೊಸರಿನ ಮುಂದೆ ಕೋಲು ಹಿಡಿದು ನಿಂತಿದ್ದರು. ಲವೀನಾ, "ಡ್ಯಾಡಿ, ಇನ್ನು ನೀವೊಬ್ಬರೇ ಅಲ್ಲಿರೋದು ಬೇಡ, ಇಲ್ಲಿಗೇ ಬನ್ನಿ" ಎಂದು ಹಟ ಹಿಡಿದಳು.

ಹೊಸ ವರ್ಷ ಕಳೆದ ಒಂದು ಶನಿವಾರ ಚಹಾ ಕೊಟ್ಟು ಕೇಳಿದರು: "ಅದನ್ನು ನೀನು ಸಿಡ್ನಿಗೆ ಓಡಿಸ್ತೀಯಾ? ನಿನಗೆ ಮಾತ್ರ ಆಗುದು. ಒಂದು ದಿನದ ಕೆಲಸ."

ನನಗೆ ಓಡಿಸಲು ಬರುತ್ತಿತ್ತು. ತುಮಕೂರಿನಲ್ಲಿ ಅಪ್ಪನ ಹಳೆಯ ಗೇರ್ ಗಾಡಿಯಲ್ಲೇ ಕಲಿತವಳು. ಆದರೂ, "ಈ ತಿಂಗಳು ಕೆಲಸದಲ್ಲಿ ಸ್ಟಾಕ್ ಎಣಿಸೋದಿದೆ ಅಂಕಲ್, ಮುಂದಿನ ತಿಂಗಳು ನೋಡೋಣ" ಎಂದೆ. ಮುಂದಿನ ತಿಂಗಳು ಮಗಳಿಗೆ ಜ್ವರ. ಅದರ ಮುಂದಿನ ತಿಂಗಳಿಗೆ ನೆಪವೇ ಇರಲಿಲ್ಲ. ಸುಸ್ತು, ಅಷ್ಟೇ. ವಾರವೆಲ್ಲ ಫ್ರೀವೇ ನೋಡಿದವಳಿಗೆ ಇನ್ನೊಂದು ಫ್ರೀವೇ ಎಂದರೆ ಮೈಯೆಲ್ಲ ಭಾರವಾಗುತ್ತಿತ್ತು. "ಈಸ್ಟರ್ ಆದ್ಮೇಲೆ ಖಂಡಿತ" ಎಂದೆ. "ಆಯ್ತು ಆಯ್ತು, ಅರ್ಜೆಂಟ್ ಎಂತ ಇಲ್ಲ" ಎಂದರು. ಮತ್ತೆ ಕೇಳಲಿಲ್ಲ. ಸುಳ್ಳೇಕೆ, ಕೇಳಲಿಲ್ಲವಲ್ಲ ಎಂದು ನನಗೆ ಹಾಯೆನಿಸಿತ್ತು.

ಈಸ್ಟರ್ ಕಳೆದ ವಾರವೇ ಅವರ ಮನೆ ಮುಂದೆ ಟ್ರೇಲರ್ ನಿಂತಿತ್ತು. ಕಾರನ್ನು ಬಲ್ಲಾರಟ್ ಕಡೆಯ ಒಬ್ಬನಿಗೆ ಮಾರಿದ್ದರು. ಅವನು ಸೀಟಿನ ಬುಡ ಕತ್ತರಿಸಿ ತನ್ನ ಅಳತೆಗೆ ಮಾಡಿಕೊಳ್ಳುತ್ತಾನಂತೆ. ಕಾರನ್ನು ಟ್ರೇಲರಿಗೆ ಹತ್ತಿಸಲು ನನ್ನನ್ನೇ ಕರೆದರು. ಹತ್ತಿ ಕೂತು ಎಡಕ್ಕೆ ತಿರುಗಿದರೆ ಪಕ್ಕದಲ್ಲಿ ಸೀಟಿತ್ತು, ಬೆಲ್ಟ್ ಸಮೇತ.

"ಇದು ಯಾವಾಗ ಹಾಕಿದ್ರಿ ಅಂಕಲ್?"

"ಅದಾ? ಫೆಬ್ರವರಿಯಲ್ಲಿ" ಎಂದರು, ನನ್ನ ಮುಖ ನೋಡದೆ. "ಆ ಬದಿ ಪೆಡಲ್ ಇಲ್ಲ ಅಲ್ವಾ, ಕಾಲು ನೀಡಿ ಕೂತ್ಕೊಳ್ಬಹುದು. ನಿನ್ನನ್ನು ಒಬ್ಬಳನ್ನೇ ಅಷ್ಟು ದೂರ ಹೇಗೆ ಕಳ್ಸುದು?"

ಬಗ್ಗಲಾಗದ ಮನುಷ್ಯ ಅದನ್ನು ಹೇಗೆ ಬಿಗಿದರೋ. ಕಾರನ್ನು ಟ್ರೇಲರಿಗೆ ಹತ್ತಿಸಿ ಇಳಿದೆ. ಟ್ರೇಲರ್ ತಿರುವಿನಲ್ಲಿ ಮರೆಯಾಗುವ ಮೊದಲೇ ಅವರು ಒಳಗೆ ಹೋಗಿದ್ದರು. ಮುಂದಿನ ಭಾನುವಾರ ಅಂಕಲ್ ಅವರನ್ನು ಗಿರೀಶ ವಿಮಾನ ಹತ್ತಿಸಿ ಬಂದರು. ನಾನು ಮನೆಯ ಗೇಟಿನವರೆಗೆ ಹೋಗಿ ಕೈ ಬೀಸಿದ್ದೇ ಕೊನೆಯ ಭೇಟಿ.

ಎಪ್ಪಿಂಗ್‌ನಿಂದ ಆಗಾಗ ಫೋನ್ ಮಾಡುತ್ತಿದ್ದರು. ಲವೀನಾಳ ಫ್ಲ್ಯಾಟಿನಲ್ಲಿ ಏನೂ ಕೆಟ್ಟುಹೋಗುವುದಿಲ್ಲವೆಂದು ದೂರುತ್ತಿದ್ದರು. ಕಾರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಲವೀನಾ ಫೋನ್ ಮಾಡಿದಳು. ನಿದ್ದೆಯಲ್ಲೇ ಹೋಗಿದ್ದರು.

ಗಿರೀಶ ಟಿಕೆಟ್ ಬುಕ್ ಮಾಡಲು ಹೊರಟರು. ಬೇಡ, ನಮ್ಮ ಕಾರಿನಲ್ಲಿ ಹೋಗುತ್ತೇನೆ ಎಂದೆ. ವೇರ್‌ಹೌಸಿಗೆ ರಜೆ ಹೇಳಲು ಎರಡು ನಿಮಿಷ ಸಾಕಾಯಿತು. ಮರುದಿನ ಬೆಳಿಗ್ಗೆ ಐದಕ್ಕೆ ಹೊರಟೆ. ಆಲ್ಬರಿಯಲ್ಲಿ ಕಾಫಿ ಕುಡಿದೆ, ಗೋಲ್ಬರ್ನ್‌ನಲ್ಲಿ ಪೆಟ್ರೋಲ್ ಹಾಕಿಸಿದೆ. ಉಳಿದದ್ದೆಲ್ಲ ನೇರ ರಸ್ತೆ. ಮಧ್ಯಾಹ್ನ ಮೂರೂವರೆಗೆಲ್ಲ ಎಪ್ಪಿಂಗ್ ತಲುಪಿದ್ದೆ. ಅತ್ತು ಕಣ್ಣು ಊದಿದ್ದ ಲವೀನಾ ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡು, "ಡ್ರೈವ್ ತುಂಬಾ ಕಷ್ಟ ಆಯ್ತಾ ಅಕ್ಕಾ?" ಎಂದು ಕೇಳಿದಳು.

ಇಲ್ಲ ಎಂದೆ. ನಿಜಕ್ಕೂ ಆಗಿರಲಿಲ್ಲ.